ಹ್ಯಾಂಡ್‌ಪೋಸ್ಟಿಗೆ ಬೇಕಾದದ್ದು ಸಿಗ್ನಲ್ ಅಲ್ಲ, ವೃತ್ತ

ಕೂಡುರಸ್ತೆಯಲ್ಲಿ ಒಂದು ಸಾವಾದರೆ ನಮ್ಮ ಕಡೆ ಮುಂದೇನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಊರಿನವರು ರಸ್ತೆಗೆ ಕಲ್ಲು ಅಡ್ಡವಿಟ್ಟು ಕೂರುತ್ತಾರೆ. ಪೊಲೀಸರು ಬರುತ್ತಾರೆ, ತಹಶೀಲ್ದಾರರು ಬರುತ್ತಾರೆ, ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಬರುತ್ತಾರೆ. ತಕ್ಷಣಕ್ಕೆ ಹಂಪ್ ಬೀಳುತ್ತದೆ, ಮುಂದಕ್ಕೆ ಸಿಗ್ನಲ್ ದೀಪದ ಭರವಸೆ ಸಿಗುತ್ತದೆ, ಕಲ್ಲು ಪಕ್ಕಕ್ಕೆ ಸರಿಯುತ್ತದೆ. ಸಿಗ್ನಲ್ ಬಂದರೆ ಅಪಘಾತ ನಿಲ್ಲುತ್ತದೆ, ಸಿಗ್ನಲ್ ಬಂದರೆ ಊರು ಪಟ್ಟಣವಾಗುತ್ತದೆ ಎಂಬ ನಂಬಿಕೆ ಎಷ್ಟು ಬಲವಾಗಿದೆ ಎಂದರೆ, ಅದು ಬೇಡ ಎಂದವರು ಊರಿಗೆ ಬರುವ ಸೌಲಭ್ಯಕ್ಕೆ ಅಡ್ಡಗಾಲು ಹಾಕುವವರಂತೆ ಕಾಣುತ್ತಾರೆ. ಬೆಂಗಳೂರಿನಿಂದ ಹಾಸನಕ್ಕೆ, ಹಾಸನದಿಂದ ಅರಸೀಕೆರೆಗೆ, ಅಲ್ಲಿಂದ ಹೋಬಳಿಗಳಿಗೆ ಈ ನಂಬಿಕೆ ಇಳಿದು ಬಂದಿದೆ.

ನಾನು ಬೇಡ ಎನ್ನುತ್ತೇನೆ. ಅರಸೀಕೆರೆ ತಾಲ್ಲೂಕಿನ ಗಂಡಸಿ ಹ್ಯಾಂಡ್‌ಪೋಸ್ಟಿನಂಥ ಕೂಡುರಸ್ತೆಗೂ ಬೇಡ, ತಾಲ್ಲೂಕು ಕೇಂದ್ರಗಳ ಬಹುಪಾಲು ಕೂಡುರಸ್ತೆಗಳಿಗೂ ಬೇಡ. ದೊಡ್ಡ ನಗರಗಳಲ್ಲಿ ಈಗಾಗಲೇ ಹಾಕಿರುವ ಎಷ್ಟೋ ಸಿಗ್ನಲ್‌ಗಳನ್ನು ಕಿತ್ತು ಆ ಜಾಗದಲ್ಲಿ ಸರಿಯಾದ ಅಳತೆಯ ವೃತ್ತ ಕಟ್ಟಿದರೆ ಜೀವಗಳು ಉಳಿಯುತ್ತವೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಈ ಸಂಖ್ಯೆಯ ಮುಂದೆ ನಿಂತು ನೋಡಿದರೆ ಇದು ಊರಿನ ಅಂದಚಂದದ ಚರ್ಚೆಯಲ್ಲ.

ಬಸ್ಸಿನವರ ಬಾಯಲ್ಲಿ ಗಂಡಸಿಗಿಂತ ಗಂಡಸಿ ಹ್ಯಾಂಡ್‌ಪೋಸ್ಟ್ ಎಂಬ ಹೆಸರೇ ಹೆಚ್ಚು. ಅರಸೀಕೆರೆ, ಚನ್ನರಾಯಪಟ್ಟಣ, ಹಾಸನ, ತಿಪಟೂರು ಕಡೆಗಳಿಗೆ ಹೋಗುವವರು ಬೇರೆಬೇರೆಯಾಗುವ ಜಾಗ ಅದು. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಹೊತ್ತ ಗಾಡಿ, ತೆಂಗಿನಕಾಯಿ ತುಂಬಿದ ಲಾರಿ, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು, ಸಾರಿಗೆ ಸಂಸ್ಥೆಯ ಬಸ್ಸು, ದೇವಸ್ಥಾನ ನೋಡಲು ಹೊರಟವರ ಕಾರು. ಇವುಗಳ ಉದ್ದ ಬೇರೆ, ವೇಗ ಬೇರೆ, ಬ್ರೇಕು ಹಿಡಿಯುವ ದೂರವೂ ಬೇರೆ. ಇಂಥ ಜಾಗಗಳಲ್ಲಿ ಅಪಾಯ ಹುಟ್ಟುವ ಬಗೆಯನ್ನು ನಿಂತು ನೋಡಿದವರು ಬಲ್ಲರು. ಬಸ್ಸು ಕೂಡುರಸ್ತೆಯ ಬಾಯಲ್ಲೇ ನಿಲ್ಲುತ್ತದೆ. ಅದರ ಮರೆಯಿಂದ ಒಬ್ಬರು ರಸ್ತೆಗೆ ಇಳಿಯುತ್ತಾರೆ, ಅದೇ ಮರೆಯಿಂದ ಒಂದು ಬೈಕು ಬಲಕ್ಕೆ ತಿರುಗುತ್ತದೆ. ಎದುರಿನಿಂದ ಬರುವ ಕಾರಿನವನಿಗೆ ರಸ್ತೆ ನೇರವಾಗಿ, ಖಾಲಿಯಾಗಿ ಕಾಣುತ್ತಿರುತ್ತದೆ. ಅವನು ವೇಗ ತಗ್ಗಿಸುವುದಕ್ಕೆ ರಸ್ತೆ ಅವನಿಗೆ ಒಂದು ಕಾರಣವನ್ನೂ ಕೊಟ್ಟಿರುವುದಿಲ್ಲ.

ಆ ಕಾರಣವನ್ನು ರಸ್ತೆಯೇ ಕೊಡುವಂತೆ ಮಾಡುವುದು ವೃತ್ತದ ಕೆಲಸ. ನಾಲ್ಕು ರಸ್ತೆಗಳು ಅಡ್ಡಹಾಯುವ ಜಾಗದಲ್ಲಿ ವಾಹನಗಳ ದಾರಿಗಳು ಒಂದನ್ನೊಂದು ಮುಟ್ಟುವ ಬಿಂದುಗಳು 32 ಎಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಒಂದೇ ಲೇನಿನ ವೃತ್ತ ಕಟ್ಟಿದರೆ ಅವು 8ಕ್ಕೆ ಇಳಿಯುತ್ತವೆ. ಇಳಿಯುವುದು ಸಂಖ್ಯೆಯಷ್ಟೇ ಅಲ್ಲ. ಕೈಬಿಟ್ಟುಹೋಗುವ 24ರಲ್ಲಿ ಅಡ್ಡಲಾಗಿ ಹೊಡೆಯುವ ಬಿಂದುಗಳು ಎಲ್ಲವೂ ಸೇರಿವೆ, ಬಲಕ್ಕೆ ತಿರುಗುವವನು ಎದುರಿನಿಂದ ಬರುವವನಿಗೆ ಸಿಕ್ಕಿಬೀಳುವ ಬಿಂದುಗಳೂ ಸೇರಿವೆ. ರಾಗಿ ಕಣದಲ್ಲಿ ಮೇಟಿಯ ಸುತ್ತ ತಿರುಗುವ ಎತ್ತುಗಳು ಎಷ್ಟೇ ಇದ್ದರೂ ಒಂದಕ್ಕೊಂದು ಎದುರಾಗುವುದಿಲ್ಲ, ಎಲ್ಲವೂ ಒಂದೇ ಕಡೆಗೆ ತಿರುಗುತ್ತವೆ. ವೃತ್ತದ ಒಳಗಿನ ಗುಟ್ಟೂ ಅಷ್ಟೇ. ತಪ್ಪು ಮಾಡಿದವನಿಗೂ ಓರೆಯಾಗಿ, ನಿಧಾನದ ಏಟು ಬೀಳುತ್ತದೆ. ಬಂಪರ್ ಸೊಟ್ಟಗಾಗುತ್ತದೆ, ಜಗಳವಾಗುತ್ತದೆ, ಇಬ್ಬರೂ ಮನೆಗೆ ಹೋಗುತ್ತಾರೆ.

ವೇಗದ ವಿಷಯದಲ್ಲಿ ನಮಗೆ ಅಂದಾಜು ತಪ್ಪುವುದೇ ಹೆಚ್ಚು. ಗಂಟೆಗೆ 60 ಕಿ.ಮೀ. ವೇಗದ ಗಾಡಿಯ ಹೊಡೆತ 30 ಕಿ.ಮೀ. ವೇಗದ ಗಾಡಿಯದ್ದಕ್ಕಿಂತ ನಾಲ್ಕರಷ್ಟು, 90 ಕಿ.ಮೀ. ಆದರೆ ಒಂಬತ್ತರಷ್ಟು. 2022ರ ಅಕ್ಟೋಬರಿನಲ್ಲಿ ಇದೇ ಅರಸೀಕೆರೆ ತಾಲ್ಲೂಕಿನ ಗಾಂಧಿನಗರದ ಬಳಿ ಟೆಂಪೊ ಟ್ರಾವೆಲರ್, ಬಸ್ಸು, ಹಾಲಿನ ಟ್ಯಾಂಕರ್ ನಡುವೆ ಡಿಕ್ಕಿಯಾಗಿ ದೇವರ ದರ್ಶನ ಮುಗಿಸಿ ಬರುತ್ತಿದ್ದವರಲ್ಲಿ ಒಂಬತ್ತು ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಒಂದು ವೃತ್ತ ಇದ್ದಿದ್ದರೆ ಅದು ತಪ್ಪುತ್ತಿತ್ತು ಎಂದು ನಾನು ಹೇಳುವುದಿಲ್ಲ. ಹೆದ್ದಾರಿ ವೇಗದಲ್ಲಿ ಎದುರುಬದುರಾದ ಎರಡು ಗಾಡಿಗಳ ನಡುವೆ ಮನುಷ್ಯರ ಗತಿ ಏನಾಗುತ್ತದೆ ಎಂಬುದನ್ನು ಈ ತಾಲ್ಲೂಕು ಕಣ್ಣಾರೆ ಕಂಡಿದೆ ಎಂದಷ್ಟೇ ಹೇಳುತ್ತೇನೆ. ಹಸಿರು ದೀಪ ಚಾಲಕನಿಗೆ ಕೊಡುವುದು ಅದೇ ವೇಗದಲ್ಲಿ ನುಗ್ಗುವ ಅನುಮತಿಯನ್ನು. ಹಳದಿ ಕಂಡಾಗ ಬ್ರೇಕ್ ತುಳಿಯುವವರಿಗಿಂತ ಆಕ್ಸಿಲರೇಟರ್ ತುಳಿಯುವವರು ಹೆಚ್ಚು. ಸಿಗ್ನಲ್ ಕೂಡುರಸ್ತೆಯ ಘೋರ ಅಪಘಾತಗಳು ಆಗುವುದು ಅಲ್ಲಿಯೇ, ಒಬ್ಬನ ಕೊನೆಯ ಹಳದಿ ಇನ್ನೊಬ್ಬನ ಮೊದಲ ಹಸಿರನ್ನು ಕೂಡುವ ಆ ಒಂದೆರಡು ಸೆಕೆಂಡಿನಲ್ಲಿ.

ಇದು ನನ್ನ ಊಹೆಯಲ್ಲ. ಅಮೆರಿಕದಲ್ಲಿ ಸಿಗ್ನಲ್ ಅಥವಾ ಸ್ಟಾಪ್ ಫಲಕ ಇದ್ದ 24 ಕೂಡುರಸ್ತೆಗಳನ್ನು ವೃತ್ತಗಳಾಗಿ ಬದಲಾಯಿಸಿದ ಮೇಲೆ ಏನಾಯಿತೆಂದು ನೋಡಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಒಟ್ಟು ಅಪಘಾತಗಳು ಶೇ. 38ರಷ್ಟು ಇಳಿದಿದ್ದವು, ಗಾಯವಾಗುವ ಅಪಘಾತಗಳು ಶೇ. 76ರಷ್ಟು ಇಳಿದಿದ್ದವು. ಸಾವು ಮತ್ತು ಅಂಗವೈಕಲ್ಯ ತರುವ ಅಪಘಾತಗಳಲ್ಲಿ ಇಳಿಕೆ ಸುಮಾರು ಶೇ. 90 ಎಂಬುದು ಆ ಅಧ್ಯಯನದ ಅಂದಾಜು. ಜನಸಂಖ್ಯೆಯಲ್ಲಿ ಹಾಸನ ನಗರಕ್ಕಿಂತ ಚಿಕ್ಕದಾದ, ಇಂಡಿಯಾನಾ ರಾಜ್ಯದ ಕಾರ್ಮೆಲ್ ಎಂಬ ಊರು ಒಂದೊಂದಾಗಿ ಸಿಗ್ನಲ್ ತೆಗೆದು ಇವತ್ತು 150ಕ್ಕೂ ಹೆಚ್ಚು ವೃತ್ತಗಳನ್ನು ಕಟ್ಟಿಕೊಂಡಿದೆ. ಫ್ರಾನ್ಸಿನಲ್ಲಿ ವೃತ್ತಗಳು ಹತ್ತಾರು ಸಾವಿರ.

‘ಅದೆಲ್ಲ ಅಲ್ಲಿ ನಡೆಯುತ್ತದೆ, ನಮ್ಮ ಜನಕ್ಕೆ ಶಿಸ್ತಿಲ್ಲ’ ಎಂಬುದು ಸಿಗ್ನಲ್ ಪರವಾದ ದೊಡ್ಡ ವಾದ. ವಿದ್ಯಾವಂತರೇ ಇದನ್ನು ಹೆಚ್ಚು ಹೇಳುತ್ತಾರೆ. ಈ ವಾದ ತಲೆಕೆಳಗಾಗಿ ನಿಂತಿದೆ. ಯಾವುದಕ್ಕೆ ಹೆಚ್ಚು ಶಿಸ್ತು ಬೇಕು? ಸಿಗ್ನಲ್ ಎಂದರೆ ಒಂದು ಬಣ್ಣದ ದೀಪ. ಅದು ಯಾರನ್ನೂ ತಡೆಯಲಾರದು. ಅದು ಕೆಲಸ ಮಾಡುವುದು ನೋಡಿದವನು ಪಾಲಿಸಿದರೆ ಮಾತ್ರ. ಪಾಲಿಸದವನನ್ನು ಹಿಡಿಯಲು ಪೊಲೀಸ್ ಬೇಕು, ಕ್ಯಾಮೆರಾ ಬೇಕು, ದಂಡದ ಚೀಟಿ ಬೇಕು. ರಾತ್ರಿ ಹತ್ತರ ಮೇಲೆ ಜಿಲ್ಲಾ ಕೇಂದ್ರಗಳಲ್ಲೇ ಕೆಂಪು ದೀಪಕ್ಕೆ ಎಷ್ಟು ಜನ ನಿಲ್ಲುತ್ತಾರೆ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ರಸ್ತೆಯ ನಡುವೆ ಕಟ್ಟಿದ ಕಲ್ಲಿನ ಅಂಚು ಹಾಗಲ್ಲ. ಶಿಸ್ತಿದ್ದವನೂ ಇಲ್ಲದವನೂ, ಕುಡಿದವನೂ ಕುಡಿಯದವನೂ ಅದನ್ನು ಬಳಸಿಕೊಂಡೇ ಹೋಗಬೇಕು, ಬಳಸುವಾಗ ವೇಗ ಇಳಿಸಲೇಬೇಕು. ಜನಕ್ಕೆ ಶಿಸ್ತಿಲ್ಲ ಎಂದು ನಿಜವಾಗಿ ನಂಬಿದವರು ವೃತ್ತವನ್ನೇ ಕೇಳಬೇಕಿತ್ತು.

ಜನರನ್ನು ಹಳಿಯುವ ಮೊದಲು ಅವರಿಗೆ ಏನು ಕಲಿಸಿದ್ದೇವೆ ಎಂಬುದನ್ನೂ ಕೇಳಬೇಕು. ವೃತ್ತದೊಳಗೆ ಈಗಾಗಲೇ ಇರುವ ವಾಹನಕ್ಕೆ ಹೊರಗಿನಿಂದ ಬರುವವನು ದಾರಿ ಬಿಡಬೇಕು ಎಂಬುದು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲಿದೆ. ಎಡಗಡೆ ಓಡಿಸುವ ನಮ್ಮಲ್ಲಿ ಇದರ ಅರ್ಥ ಬಲಗಡೆಯಿಂದ ಬರುವವನಿಗೆ ಮೊದಲ ದಾರಿ ಎಂದು. ಬ್ರಿಟನ್ನಿನಲ್ಲಿ ಇದೇ ನಿಯಮ 1966ರಲ್ಲಿ ಬಂತು. ಅದಕ್ಕೂ ಮುಂಚೆ ಅಲ್ಲಿಯ ವೃತ್ತಗಳೂ ಒಳನುಗ್ಗುವವರಿಂದ ಬಿಗಿದುಕೊಂಡು ನಿಲ್ಲುತ್ತಿದ್ದವು. ನಿಯಮ ಬಂದ ಮೇಲೆ ಅವೇ ವೃತ್ತಗಳು ಹರಿಯತೊಡಗಿದವು. ನಮ್ಮಲ್ಲಿ ಡಿಎಲ್‌ಗೆ ಎಂಟು ಹಾಕಿಸುತ್ತಾರೆ, ವೃತ್ತದ ಬಾಯಲ್ಲಿ ಯಾರು ನಿಲ್ಲಬೇಕು, ಯಾರು ಹೋಗಬೇಕು ಎಂದು ರಸ್ತೆಯಲ್ಲಿ ಮಾಡಿ ತೋರಿಸು ಎನ್ನುವುದಿಲ್ಲ. ವೃತ್ತದ ಬಾಯಲ್ಲಿ ತಲೆಕೆಳಗಾದ ತ್ರಿಕೋನದ ಫಲಕವಾಗಲೀ ರಸ್ತೆಯ ಮೇಲಿನ ಬಿಳಿ ಗೆರೆಯಾಗಲೀ ಕಾಣುವುದು ಅಪರೂಪ. ಹೇಳಿಕೊಡದ ಪಾಠಕ್ಕೆ ಫೇಲು ಮಾಡಿ ಮಕ್ಕಳನ್ನೇ ದಡ್ಡರೆನ್ನುವ ಮೇಷ್ಟ್ರನ್ನು ನಾವು ಒಪ್ಪುವುದಿಲ್ಲ, ಇದನ್ನೇಕೆ ಒಪ್ಪಬೇಕು?

ಹೋಬಳಿ ಮಟ್ಟದಲ್ಲಿ ಸಿಗ್ನಲ್ ಹಾಕಿದರೆ ಏನಾಗುತ್ತದೆಂದು ಲೆಕ್ಕ ಹಾಕೋಣ. ನಾಲ್ಕು ರಸ್ತೆಗೆ 120 ಸೆಕೆಂಡಿನ ಸುತ್ತು ಇಟ್ಟರೆ, ಹಳದಿ ಮತ್ತು ಎಲ್ಲ ಕಡೆ ಕೆಂಪಿರುವ ಕ್ಷಣಗಳನ್ನು ಕಳೆದು ಒಂದೊಂದು ರಸ್ತೆಗೆ ಸಿಗುವುದು 30 ಸೆಕೆಂಡಿಗಿಂತ ಕಡಿಮೆ. ಉಳಿದ ಒಂದೂವರೆ ನಿಮಿಷ ಎದುರಿಗೆ ಒಂದು ಗಾಡಿಯೂ ಇಲ್ಲದಿದ್ದರೂ ಎಂಜಿನ್ ಓಡಿಸಿಕೊಂಡು ನಿಂತಿರಬೇಕು. ಮಧ್ಯಾಹ್ನ ಎರಡಕ್ಕೆ, ರಾತ್ರಿ ಒಂಬತ್ತಕ್ಕೆ ಖಾಲಿ ರಸ್ತೆಯಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ. ಅರ್ಥವಿಲ್ಲದ ಕೆಂಪನ್ನು ಹತ್ತು ಸಲ ದಾಟಿದವನು ಅರ್ಥವಿರುವ ಕೆಂಪನ್ನೂ ಹನ್ನೊಂದನೆಯ ಸಲ ದಾಟುತ್ತಾನೆ. ಇನ್ನು ಕರೆಂಟಿನ ಮಾತು. ಮಳೆಗಾಲದ ಒಂದು ಗಾಳಿಗೆ ಲೈನ್ ಹೋದರೆ ಸೆಸ್ಕ್‌ನವರು ಬಂದು ಸರಿಮಾಡುವ ತನಕ ಸಿಗ್ನಲ್ ಕಂಬವಾಗಿಯೇ ನಿಂತಿರುತ್ತದೆ, ಕೂಡುರಸ್ತೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಸೋಲಾರ್ ಇದೆಯಲ್ಲ ಎನ್ನುವವರು ಹೆದ್ದಾರಿಯ ಹಳ್ಳಿಗೇಟುಗಳಲ್ಲಿ ಹಾಕಿದ ಹಳದಿ ಬ್ಲಿಂಕರ್‌ಗಳನ್ನು ಹೋಗಿ ನೋಡಲಿ: ಧೂಳು ಮುಚ್ಚಿದ ಪ್ಯಾನೆಲ್, ಸತ್ತ ಬ್ಯಾಟರಿ, ಅದರ ಕಂಬಕ್ಕೆ ಕಟ್ಟಿದ ಹುಟ್ಟುಹಬ್ಬದ ಫ್ಲೆಕ್ಸ್. ಬ್ಯಾಟರಿ ಬದಲಾಯಿಸುವ ಹೊಣೆ ಪಂಚಾಯ್ತಿಯದ್ದೋ ಇಲಾಖೆಯದ್ದೋ ಗುತ್ತಿಗೆದಾರನದ್ದೋ ಎಂಬುದು ತೀರ್ಮಾನವಾಗುವುದೇ ಇಲ್ಲ. ಹೋಬಳಿ ಠಾಣೆಯ ಬೆರಳೆಣಿಕೆಯ ಸಿಬ್ಬಂದಿ ಬಂದೋಬಸ್ತು, ಸಮನ್ಸು, ಕೋರ್ಟು ಬಿಟ್ಟು ದಿನವಿಡೀ ದೀಪದ ಕೆಳಗೆ ನಿಲ್ಲಲಾರರು. ವೃತ್ತಕ್ಕೆ ಕರೆಂಟು ಬೇಡ. ಬೆಳಕಿನ ಒಂದು ಕಂಬ ಇದ್ದರೆ ಒಳ್ಳೆಯದು, ಅದು ಆರಿದ ರಾತ್ರಿಯೂ ಕಲ್ಲಿನ ಅಂಚು ತನ್ನ ಕೆಲಸ ಮಾಡುತ್ತಿರುತ್ತದೆ.

ಹಂಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಂತೆ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಪ್ರತಿಭಟನೆಯ ಮರುದಿನ ಬೀಳುವ ಹಂಪು ಅಗಲವಿಲ್ಲದ, ಬಣ್ಣವಿಲ್ಲದ ಡಾಂಬರಿನ ದಿಣ್ಣೆ. ರಾತ್ರಿ ಅದನ್ನು ಕಾಣದೆ ಹಾರಿಬಿದ್ದು ಸಾಯುವವರು ಬೈಕಿನ ಹಿಂದಿನ ಸೀಟಿನಲ್ಲಿ ಕೂತ ಹೆಂಗಸರು. ಒಂದು ಸಾವಿಗೆ ಪರಿಹಾರವೆಂದು ಹಾಕಿದ್ದು ಇನ್ನೊಂದು ಸಾವಿಗೆ ದಾರಿಯಾಗಬಾರದು.

‘ಜಾಗ ಎಲ್ಲಿದೆ?’ ಎಂಬ ಪ್ರಶ್ನೆಗೆ ಸ್ವಲ್ಪ ನಿಂತು ಉತ್ತರಿಸಬೇಕು, ಏಕೆಂದರೆ ಈ ತಪ್ಪುಕಲ್ಪನೆಗೆ ನಮ್ಮ ಎಂಜಿನಿಯರುಗಳ ಹಳೆಯ ಪಠ್ಯವೂ ಕಾರಣ. ರಸ್ತೆ ಕಾಂಗ್ರೆಸ್ಸಿನ 1976ರ ಕೈಪಿಡಿ ಕಣ್ಣಮುಂದೆ ಇಟ್ಟುಕೊಂಡಿದ್ದು ದೊಡ್ಡ ರೋಟರಿಗಳನ್ನು, ವಾಹನಗಳು ಒಂದರೊಳಗೊಂದು ಹೆಣೆದುಕೊಂಡು ಓಡಲು ಉದ್ದನೆಯ ಜಾಗ ಬೇಡುವಂಥವನ್ನು. ಚಂಡೀಗಢದ ಸೆಕ್ಟರ್‌ಗಳ ನಡುವಿನ ವೃತ್ತಗಳು ಆ ಜಾತಿಯವು. ಅವು ಅಗಲ, ಆದ್ದರಿಂದ ವೇಗವೂ ಹೆಚ್ಚು. ಜಗತ್ತು ಅದನ್ನು ಬಿಟ್ಟು ಚಿಕ್ಕ ವೃತ್ತಕ್ಕೆ ಬಂದು ಎಷ್ಟೋ ವರ್ಷಗಳಾದವು. ಬ್ರಿಟನ್ನಿನ ರಸ್ತೆ ಸಂಶೋಧನಾ ಸಂಸ್ಥೆಯ ಫ್ರಾಂಕ್ ಬ್ಲ್ಯಾಕ್‌ಮೋರ್ ನಡುವಿನ ದ್ವೀಪವನ್ನು ಚಿಕ್ಕದು ಮಾಡುತ್ತಾ ಮಾಡುತ್ತಾ ಕೊನೆಗೆ ನೆಲಕ್ಕೆ ಬಳಿದ ಬಣ್ಣದ ಬೊಟ್ಟಿನಷ್ಟಕ್ಕೆ ತಂದು, ಹಳೆಯ ಇಕ್ಕಟ್ಟಿನ ಪೇಟೆಗಳಲ್ಲೂ ಅದು ನಡೆಯುತ್ತದೆ ಎಂದು ತೋರಿಸಿದರು. ನಮ್ಮಲ್ಲೂ 2017ರಲ್ಲಿ ಕೈಪಿಡಿ ಪರಿಷ್ಕರಣೆಯಾಗಿದೆ. ಉದ್ದದ ಲಾರಿ, ಟ್ರೇಲರ್ ತಿರುಗಲು ದ್ವೀಪದ ಸುತ್ತ ಸ್ವಲ್ಪವೇ ಎತ್ತರಿಸಿದ ಕಲ್ಲುಹಾಸಿನ ಪಟ್ಟಿ ಬಿಡುತ್ತಾರೆ. ಹಿಂದಿನ ಚಕ್ರ ಅದರ ಮೇಲೆ ಹತ್ತಿ ಇಳಿಯುತ್ತದೆ, ಕಾರಿನವನು ಕುಲುಕಾಟಕ್ಕೆ ಹೆದರಿ ದೂರ ಇರುತ್ತಾನೆ. ತೆಂಗಿನಕಾಯಿ ಲಾರಿಗೂ ಬೈಕಿಗೂ ಒಂದೇ ವೃತ್ತ ಹೊಂದುವುದು ಹೀಗೆ. ಹೋಬಳಿ ಕೂಡುರಸ್ತೆಗಳಲ್ಲಿ ನಿಜವಾಗಿ ಜಾಗ ತಿಂದಿರುವುದು ರಸ್ತೆಗೆ ಚಾಚಿದ ಗೂಡಂಗಡಿ, ಅಡ್ಡಾದಿಡ್ಡಿ ನಿಂತ ಆಟೊ, ಬಾಯಲ್ಲೇ ನಿಲ್ಲುವ ಬಸ್ಸು. ಬಸ್ ನಿಲುಗಡೆಯನ್ನು ವೃತ್ತ ದಾಟಿದ ಮೇಲಕ್ಕೆ, ಸಾಕಷ್ಟು ಮುಂದಕ್ಕೆ ಸರಿಸದೆ ಯಾವ ಉಪಾಯವೂ ಫಲಿಸದು, ಸಿಗ್ನಲ್ಲೂ ಸೇರಿ.

ವೃತ್ತ ನಮಗೆ ಹೊರಗಿನದೇನೂ ಅಲ್ಲ. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಕಟ್ಟಿಕೊಂಡು ಬೆಳೆದ ಮೈಸೂರಿನ ಮುಖವೇ ಅದರ ವೃತ್ತಗಳು. ದಸರೆಯ ಜಂಬೂಸವಾರಿ ಚಾಮರಾಜ ವೃತ್ತ, ಕೃಷ್ಣರಾಜ ವೃತ್ತಗಳನ್ನು ಬಳಸಿಯೇ ಸಯ್ಯಾಜಿರಾವ್ ರಸ್ತೆ ಹಿಡಿಯುತ್ತದೆ. ಬೆಂಗಳೂರು ಇದನ್ನು ಕೈಬಿಟ್ಟಿತು. ಟ್ರಿನಿಟಿ ಸರ್ಕಲ್, ಹಡ್ಸನ್ ಸರ್ಕಲ್ ಎಂಬ ಹೆಸರುಗಳು ಉಳಿದಿವೆ, ಅಲ್ಲಿ ಈಗ ಆಳುವುದು ದೀಪಗಳು. ಬೆಂಗಳೂರು ಮಾಡಿದ್ದನ್ನೇ ಇಪ್ಪತ್ತು ವರ್ಷ ತಡವಾಗಿ ಮಾಡುವುದು ಅಭಿವೃದ್ಧಿ ಎಂದು ನಮ್ಮ ತಾಲ್ಲೂಕು ಕೇಂದ್ರಗಳು ತಿಳಿದಿರುವುದು ನನಗೆ ನೋವಿನ ಸಂಗತಿ. ಆ ನಗರದ ಸಂಚಾರವನ್ನು ಮಾದರಿಯೆಂದು ಯಾವ ಬೆಂಗಳೂರಿಗನೂ ಹೇಳಲಾರ.

ಆದರೆ ವೃತ್ತಗಳಿಗೆ ಕೆಟ್ಟ ಹೆಸರು ಬರಲು ಕಾರಣ ಏನೆಂಬುದನ್ನೂ ಮುಚ್ಚಿಡುವುದಿಲ್ಲ. ನಮ್ಮಲ್ಲಿ ವೃತ್ತ ಕಟ್ಟಿದ ಕೂಡಲೇ ಅದರ ಮೇಲೆ ಯಾರ ಪ್ರತಿಮೆ ಎಂಬ ಪ್ರಶ್ನೆ ಏಳುತ್ತದೆ. ಪ್ರತಿಮೆಗೆ ಪೀಠ, ಪೀಠಕ್ಕೆ ಕಬ್ಬಿಣದ ಬೇಲಿ, ಬೇಲಿಗೆ ಫ್ಲೆಕ್ಸ್, ಜಯಂತಿಯ ದಿನ ಶಾಮಿಯಾನ. ಹೆಸರಿಡುವ ವಿಚಾರದಲ್ಲಿ ಎರಡು ಸಮುದಾಯಗಳ ಜಗಳವಾಗಿ ಠಾಣೆ ಮೆಟ್ಟಿಲು ಹತ್ತಿದ ಊರುಗಳು ಎಷ್ಟೋ. ಸಾರ್ವಜನಿಕ ರಸ್ತೆ, ಕಾಲುದಾರಿಗಳಲ್ಲಿ ಪ್ರತಿಮೆಗಳಿಗೆ ಇನ್ನುಮುಂದೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದೇ ರಾಜ್ಯಗಳಿಗೆ ಆದೇಶಿಸಿದೆ. ಆದೇಶ ಕಡತದಲ್ಲಿದೆ, ಪೀಠಗಳು ಏಳುತ್ತಲೇ ಇವೆ. ಸಂಚಾರದ ವೃತ್ತದ ನಡುವೆ ಇರಬೇಕಾದದ್ದು ಮಣ್ಣಿನ ದಿಬ್ಬ, ಅದರ ಮೇಲೆ ಹುಲ್ಲು, ಅಂಚಿನಲ್ಲಿ ಪ್ರತಿಫಲಿಸುವ ಬಾಣದ ಫಲಕ. ಜನ ಹತ್ತಿ ಹಾರ ಹಾಕುವ ಜಾಗ ಅದಲ್ಲ. ಮಹಾನುಭಾವರ ಪ್ರತಿಮೆ ಶಾಲೆಯ ಅಂಗಳದಲ್ಲಿ, ಗ್ರಂಥಾಲಯದ ಮುಂದೆ ನಿಲ್ಲಲಿ, ಅಲ್ಲಿ ಅವರಿಗೆ ಹೆಚ್ಚು ಗೌರವ.

ಎಲ್ಲ ಕಡೆಗೂ ವೃತ್ತ ಒಗ್ಗದು ಎಂಬುದು ನಿಜ. 1976ರ ಕೈಪಿಡಿ ಎಲ್ಲ ರಸ್ತೆಗಳಿಂದಲೂ ಸೇರಿ ಗಂಟೆಗೆ ಸುಮಾರು 3,000 ವಾಹನಗಳ ತನಕ ರೋಟರಿ ಚೆನ್ನಾಗಿ ನಡೆಯುತ್ತದೆ ಎಂದಿತ್ತು. ಬೆಂಗಳೂರಿನ ಸಿಲ್ಕ್ ಬೋರ್ಡಿನಂಥ ಕಡೆ ನಾನು ವೃತ್ತ ಕೇಳುವುದಿಲ್ಲ. ಎರಡು ಮೂರು ಲೇನಿನ ದೊಡ್ಡ ವೃತ್ತದಲ್ಲಿ ಸೈಕಲ್ಲು, ಬೈಕಿನವರಿಗೆ ಸಣ್ಣ ವೃತ್ತದಷ್ಟು ರಕ್ಷಣೆ ಇಲ್ಲ. ಕಣ್ಣು ಕಾಣದವರಿಗೆ ನಿಲ್ಲದೆ ಹರಿಯುವ ಗಾಡಿಗಳ ನಡುವೆ ದಾಟುವುದು ನಿಜವಾದ ಕಷ್ಟ. ಅಂಥವರಿಗಾಗಿ ದಾಟುವ ಜಾಗವನ್ನೇ ಎತ್ತರಿಸಿ ಕಟ್ಟಬೇಕು. ಇಷ್ಟು ಒಪ್ಪಿದ ಮೇಲೂ ಉಳಿದ ಪಾದಚಾರಿಗಳ ಲೆಕ್ಕ ವೃತ್ತದ ಕಡೆಗೇ ವಾಲುತ್ತದೆ. ನಮ್ಮ ಸಿಗ್ನಲ್‌ಗಳಲ್ಲಿ ನಡೆಯುವವರಿಗೆಂದು ಬೇರೆ ಹಸಿರು ಸಿಗುವುದೇ ಅಪರೂಪ. ಸಿಕ್ಕರೂ ‘ಫ್ರೀ ಲೆಫ್ಟ್’ ಎಂದು ಎಡದಿಂದ ಗಾಡಿಗಳು ಬರುತ್ತಲೇ ಇರುತ್ತವೆ. ವೃತ್ತದ ಪ್ರತಿ ಬಾಯಲ್ಲೂ ಎರಡು ಕಡೆಯ ಸಂಚಾರವನ್ನು ಬೇರ್ಪಡಿಸುವ ಸಣ್ಣ ದ್ವೀಪ ಇರುತ್ತದೆ. ಸಂತೆಯ ಚೀಲ ಹಿಡಿದ ಅಜ್ಜಿ ಮೊದಲು ಬಲಗಡೆ ಮಾತ್ರ ನೋಡಿ ಅರ್ಧ ದಾಟಿ ಅಲ್ಲಿ ನಿಂತು, ಆಮೇಲೆ ಎಡಗಡೆ ಮಾತ್ರ ನೋಡಿ ಉಳಿದರ್ಧ ದಾಟಬಹುದು. ಎದುರಿಗೆ ಬರುವ ಗಾಡಿ ತಿರುವಿನಲ್ಲಿರುವುದರಿಂದ ಅದರ ವೇಗ 30ರ ಆಸುಪಾಸು.

ಇನ್ನೊಂದು ಮಾತು ಜನಪ್ರತಿನಿಧಿಗಳಿಗೆ. ಜನ ವಿರೋಧಿಸುತ್ತಾರೆ ಎಂಬ ಅಳುಕು ಅವರಿಗಿದೆ. ಅಮೆರಿಕದ ಮೂರು ಊರುಗಳಲ್ಲಿ ವೃತ್ತ ಕಟ್ಟುವ ಮೊದಲು ಅದನ್ನು ಒಪ್ಪಿದವರು ಶೇ. 31 ಮಾತ್ರ. ಕಟ್ಟಿ ಸ್ವಲ್ಪ ಕಾಲವಾದ ಮೇಲೆ ಕೇಳಿದಾಗ ಒಪ್ಪಿದವರು ಶೇ. 63. ನಮ್ಮಲ್ಲೂ ಕಟ್ಟಿ ತೋರಿಸದೆ ಜನರ ಮನಸ್ಸನ್ನು ಊಹಿಸುವುದು ಸರಿಯಲ್ಲ. ಕಟ್ಟುವುದಕ್ಕೆ ಮೊದಲು ಪರೀಕ್ಷಿಸಲು ದೊಡ್ಡ ಖರ್ಚೂ ಇಲ್ಲ. ಮರಳು ತುಂಬಿದ ಚೀಲಗಳು, ಬಣ್ಣ ಬಳಿದ ಡ್ರಮ್ಮುಗಳು, ಪ್ರತಿಫಲಿಸುವ ಟೇಪು, ನಾಲ್ಕು ಬಾಯಲ್ಲೂ ‘ಬಲದವರಿಗೆ ದಾರಿ ಬಿಡಿ’ ಎಂಬ ಕನ್ನಡದ ಫಲಕ. ಬ್ಲ್ಯಾಕ್‌ಮೋರ್ ಮಾಡಿದ್ದೂ ಹೀಗೆಯೇ, ದ್ವೀಪಗಳನ್ನು ಅಲ್ಲಿಂದಿಲ್ಲಿಗೆ ಸರಿಸಿ ಸರಿಸಿ ನೋಡುತ್ತಿದ್ದರು. ಲಾರಿಯ ಹಿಂಚಕ್ರ ಎಲ್ಲಿ ಹತ್ತುತ್ತದೆ, ಟ್ರೇಲರ್ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಒಂದು ವಾರದಲ್ಲೇ ಚೀಲಗಳ ಮೇಲಿನ ಗುರುತಿನಿಂದ ತಿಳಿಯುತ್ತದೆ, ಅದಕ್ಕೆ ತಕ್ಕಂತೆ ಜರುಗಿಸಿದರಾಯಿತು.

ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಈ ಜಿಲ್ಲೆಯ ರಸ್ತೆಗಳೆಲ್ಲ ತುಂಬಿ ಹರಿಯುತ್ತವೆ. ಅದಕ್ಕಿಂತ ಆರು ತಿಂಗಳು ಮುಂಚೆ ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಈ ಪರೀಕ್ಷೆ ಶುರುವಾಗಲಿ, ಆ ಜನಸಂದಣಿಯಲ್ಲೂ ಮುಂದುವರಿಯಲಿ. ಠಾಣೆಯಲ್ಲಿ ದಾಖಲಾದ ಅಪಘಾತಗಳು, ಸರ್ಕಾರಿ ಆಸ್ಪತ್ರೆಗೆ ಬಂದ ಗಾಯಾಳುಗಳು, ಹಿಂದಿನ ವರ್ಷದ ಅದೇ ತಿಂಗಳುಗಳ ಲೆಕ್ಕ, ಇವನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಮುಂದಿನ ಸಲ ಲೋಕೋಪಯೋಗಿ ಇಲಾಖೆಗೆ ಅರ್ಜಿ ಬರೆಯುವ ಊರಿನ ಹುಡುಗರಲ್ಲಿ ನನ್ನ ಕೋರಿಕೆ ಇಷ್ಟು: ‘ಸಿಗ್ನಲ್ ದೀಪ ಅಳವಡಿಸಬೇಕು’ ಎಂಬ ಸಾಲು ಹೊಡೆದುಹಾಕಿ, ‘ಒಂದು ಲೇನಿನ ವೃತ್ತ, ನಾಲ್ಕು ಬಾಯಲ್ಲೂ ಪಾದಚಾರಿ ದ್ವೀಪ, ಬಸ್ ನಿಲುಗಡೆ ಕೂಡುರಸ್ತೆಯಿಂದ ಆಚೆಗೆ, ನಡುವೆ ಪ್ರತಿಮೆ ಇಲ್ಲ’ ಎಂದು ಬರೆಯಿರಿ.